ಬೋರ್ಡಿಗೇ ಬೆಸೆದ ರ್ಯಾಮ್: ಸಂಚು ಎಷ್ಟು, ಅಗತ್ಯ ಎಷ್ಟು?

ಪ್ರಶ್ನೆ: ಹಿಂದೆ ರ್ಯಾಮ್, ಡಿಸ್ಕ್ ಎರಡನ್ನೂ ನಾವೇ ಬದಲಾಯಿಸಿಕೊಳ್ಳುತ್ತಿದ್ದೆವು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಇದು ಕಂಪನಿಗಳ ಸಂಚಲ್ಲವೇ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ರ್ಯಾಮನ್ನೂ ಡಿಸ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎಲ್ಲವೂ ಮೋಸವೆಂದು ತೀರ್ಪು ಕೊಡುವ ವಿಡಿಯೊ ಪಂಡಿತರೇ ಈ ಗೊಂದಲಕ್ಕೆ ಕಾರಣ.

ರ್ಯಾಮನ್ನು ಬೆಸೆಯುವುದಕ್ಕೆ ವೇಗವೆಂಬ ನಿಜವಾದ ಕಾರಣವಿದೆ. 1981ರ ಐಬಿಎಂ ಪಿಸಿಯ ಪ್ರೊಸೆಸರ್ 4.77 ಮೆಗಾಹರ್ಟ್ಸ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 47.7 ಲಕ್ಷ ಮಿಡಿತಗಳಲ್ಲಿ, ಓಡುತ್ತಿತ್ತು. ಅದರ ಒಂದು ಮಿಡಿತದ ಅವಧಿಯಲ್ಲಿ ಬೋರ್ಡಿನ ತಾಮ್ರದ ಗೆರೆಯ ಮೇಲೆ ಸಂಕೇತವು ಸುಮಾರು 30 ಮೀಟರ್ ಸಾಗಬಲ್ಲದಾದ್ದರಿಂದ, ಮೆಮೊರಿಯನ್ನು (ರ್ಯಾಮನ್ನು) ಬೇರೆ ಕಾರ್ಡಿನ ಮೇಲೆ ಕೂರಿಸಿ ಸ್ಲಾಟಿಗೆ ಸಿಕ್ಕಿಸಿದರೂ ಯಾವ ತೊಂದರೆಯೂ ಇರಲಿಲ್ಲ. ಇಂದಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬೆಸೆಯುವ ಎಲ್‌ಪಿಡಿಡಿಆರ್5ಎಕ್ಸ್ ಬಗೆಯ ಮೆಮೊರಿ ಪ್ರತಿ ಗೆರೆಯಲ್ಲೂ ಸೆಕೆಂಡಿಗೆ 850 ಕೋಟಿಗೂ ಹೆಚ್ಚು ಬಿಟ್‌ಗಳನ್ನು ಕಳಿಸಬಲ್ಲದು. ಆ ವೇಗದಲ್ಲಿ ಒಂದು ಬಿಟ್ಟಿನ ಅವಧಿಯೊಳಗೆ ಸಂಕೇತ ಸಾಗುವುದು ಎರಡು ಸೆಂಟಿಮೀಟರಿಗಿಂತ ಕಡಿಮೆ. ಅಲ್ಲಿ ಸ್ಲಾಟಿನ ಒಂದೊಂದು ಲೋಹದ ಸಂಪರ್ಕವೂ ಸಂಕೇತವನ್ನು ಕೆಡಿಸುತ್ತದೆ, ಅದನ್ನು ಸರಿದೂಗಿಸಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. 2003ರ ಅಥ್ಲಾನ್ 64 ಎಂಬ ಎಎಂಡಿ ಪ್ರೊಸೆಸರಿನಲ್ಲಿ ಮೆಮೊರಿ ನಿಯಂತ್ರಕವು (ರ್ಯಾಮಿನೊಂದಿಗೆ ವ್ಯವಹರಿಸುವ ಭಾಗ) ಪ್ರೊಸೆಸರಿನೊಳಕ್ಕೆ ಬಂದದ್ದು, 2020ರ ಆಪಲ್ ಎಂ1 ಚಿಪ್ಪಿನಲ್ಲಿ ರ್ಯಾಮ್ ಚಿಪ್ಪುಗಳೇ ಪ್ರೊಸೆಸರಿನ ಪಕ್ಕಕ್ಕೆ, ಅದೇ ಪ್ಯಾಕೇಜಿಗೆ (ಕವಚಕ್ಕೆ) ಬಂದದ್ದು, ಎರಡೂ ದೂರವನ್ನು ಕಡಿಮೆ ಮಾಡಿದ ಹೆಜ್ಜೆಗಳೇ.

ಡಿಸ್ಕಿನ ವಿಷಯದಲ್ಲಿ ಈ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ. ಎಂ.2 ಎಂಬ ಸ್ಲಾಟಿನಲ್ಲಿ ಕೂರುವ, ಕಳಚಬಹುದಾದ ಎಸ್‌ಎಸ್‌ಡಿಗಳು (ಚಿಪ್ಪಿನ ಡಿಸ್ಕುಗಳು) ಬೇಕಾದಷ್ಟು ವೇಗವಾಗಿವೆ. ಸವೆದುಹೋಗುವ ಭಾಗವನ್ನು ಬೋರ್ಡಿಗೆ ಬೆಸೆದರೆ, ಬೋರ್ಡು ಕೆಟ್ಟ ದಿನ ನಿಮ್ಮ ಕಡತಗಳೂ ಅದರೊಂದಿಗೆ ಹೋಗಬಹುದು. ಇದು ಗ್ರಾಹಕರಿಗೆ ಮಾಡುವ ಅನ್ಯಾಯ. ಅಂಥ ಯಂತ್ರವನ್ನು ಕೊಳ್ಳಲೇಬೇಕಾದರೆ ಬ್ಯಾಕಪ್‌ ವ್ಯವಸ್ಥೆ ಮಾಡಿಕೊಂಡ ಮೇಲೆಯೇ ಕೊಳ್ಳಿ. ರ್ಯಾಮ್ ಬಗ್ಗೆಯೂ ಕಂಪನಿಗಳು ಪೂರ್ತಿ ನಿರ್ದೋಷಿಗಳಲ್ಲ: ಕ್ಯಾಮ್2 ಎಂಬ ಕಳಚಬಹುದಾದ ರ್ಯಾಮ್ ಮಾದರಿ 2023ರಲ್ಲೇ ಜೆಡೆಕ್ (ಮೆಮೊರಿಯ ಮಾನಕಗಳನ್ನು ರೂಪಿಸುವ ಉದ್ಯಮ ಸಂಸ್ಥೆ) ಮಾನಕವಾಗಿದೆ, ಆದರೂ ಅದನ್ನು ಬಳಸುವವರು ಕಡಿಮೆ. ಹಾಗಾಗಿ ಬೆಸೆದ ರ್ಯಾಮ್ ಇರುವ ಯಂತ್ರದಲ್ಲಿ ಇಂದಿನ ಅಗತ್ಯಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನದನ್ನೇ ಆರಿಸಿ. ಬಿಸಿಗಾಳಿಯಿಂದ ಚಿಪ್ಪು ಕಿತ್ತು ದೊಡ್ಡದನ್ನು ಕೂರಿಸುತ್ತೇವೆ ಎನ್ನುವವರ ಕೈಗೆ ಮಾತ್ರ ಯಂತ್ರವನ್ನು ಕೊಡಬೇಡಿ. ಎಷ್ಟು ಮೆಮೊರಿ ಇದೆಯೆಂಬುದನ್ನು ಬೋರ್ಡಿಗೆ ಮತ್ತು ಫರ್ಮ್‌ವೇರಿಗೆ (ಯಂತ್ರವನ್ನು ಏಳಿಸುವ ಒಳಗಿನ ತಂತ್ರಾಂಶಕ್ಕೆ) ತಿಳಿಸದೆ ಚಿಪ್ಪನ್ನಷ್ಟೇ ಬದಲಿಸಿದರೆ ಯಂತ್ರ ಏಳದೇ ಹೋಗಬಹುದು.

ಪ್ರಶ್ನೆ: ಹತ್ತು ವರ್ಷದ ಹಿಂದೆಯೂ 3 ಗಿಗಾಹರ್ಟ್ಸ್, ಈಗಲೂ ಅಷ್ಟೇ. ಹಾಗಾದರೆ ಸುಧಾರಿಸಿದ್ದೇನು?

ಉತ್ತರ: ಒಂದು ಮಿಡಿತದಲ್ಲಿ ಆಗುವ ಕೆಲಸ ಮತ್ತು ಕೋರ್‌ಗಳ (ಪ್ರೊಸೆಸರಿನೊಳಗೆ ಒಟ್ಟಿಗೆ ಕೆಲಸ ಮಾಡುವ ಘಟಕಗಳ) ಸಂಖ್ಯೆ. ಶಾಖದ ಮಿತಿಯಿಂದಾಗಿ ಗಿಗಾಹರ್ಟ್ಸ್ ಓಟ 2004ರ ಸುಮಾರಿಗೇ ಕುಂಟಿತು.

ಪ್ರಶ್ನೆ: ರ್ಯಾಮ್ ಖಾಲಿ ಮಾಡುವ ಯಾವ ತಂತ್ರಾಂಶ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಮುಂದೆ ಬೇಕಾದೀತೆಂದು ಆಪರೇಟಿಂಗ್ ಸಿಸ್ಟಮ್ ಜೋಪಾನವಾಗಿ ಇಟ್ಟುಕೊಂಡ ದತ್ತಾಂಶವನ್ನು ಇವು ಹೊರಗೆಸೆಯುತ್ತವೆ, ಅದು ಮತ್ತೆ ಡಿಸ್ಕಿನಿಂದಲೇ ಬರಬೇಕಾಗುತ್ತದೆ.

ಪ್ರಶ್ನೆ: ಡೆಸ್ಕ್‌ಟಾಪನ್ನು ಆಗಾಗ ರಿಫ್ರೆಶ್ ಮಾಡಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ, ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೆ.