ಭಾಷಣ ಓದುವ ಮುಂಚೆ ಆ ವಚನ ನೋಡಿ

ಹೆಡ್‌ಮಾಸ್ಟರ ಬೀಳ್ಕೊಡುಗೆಗೆ ಭಾಷಣವನ್ನು ಎಐ ಕೈಲಿ ಬರೆಸಿದ್ದೀನಿ, ಹಾಗೇ ಓದಬಹುದಾ ಅಂತ ಕೇಳಿದ್ದೀರಿ. ಬರೆಸಿದ್ದು ತಪ್ಪೇನಲ್ಲ. ಆದರೆ ಹಾಗೇ ಓದಬೇಡಿ.

ಮೊದಲು ಅದರಲ್ಲಿರುವ ವಚನ ನೋಡಿ. ಹೋದ ವರ್ಷ ನಾನೂ ಇಂಥದ್ದೇ ಭಾಷಣಕ್ಕೆ ಎಐ ಹತ್ತಿರ ಬಸವಣ್ಣನವರ ವಚನ ಕೇಳಿದ್ದೆ. ನಾಲ್ಕು ಸಾಲು ಬಂತು, ಕೊನೆಯಲ್ಲಿ 'ಕೂಡಲಸಂಗಮದೇವ' ಅಂತ ಅಂಕಿತವೂ ಇತ್ತು. ಮನೆಯಲ್ಲಿದ್ದ ವಚನ ಸಂಪುಟವನ್ನೆಲ್ಲ ತಿರುವಿ ಹಾಕಿದೆ. ಅಂಥ ವಚನವೇ ಸಿಗಲಿಲ್ಲ! ಈ ಟೂಲ್ ಪುಸ್ತಕ ತೆರೆದು ಓದಿ ಹೇಳುವಂಥದ್ದಲ್ಲ. ಒಂದು ಪದ ಆದಮೇಲೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ಜೋಡಿಸುತ್ತಾ ಹೋಗುತ್ತದೆ. ಹಾಗಾಗಿ ಸುಳ್ಳೂ ನಿಜದಷ್ಟೇ ನಯವಾಗಿರುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. 5,000 ಡಾಲರ್ ದಂಡ ಬಿತ್ತು.

ಉಪಯೋಗ ಇಲ್ಲ ಅಂತಲ್ಲ. ಖಾಲಿ ಹಾಳೆ ಮುಂದೆ ಕೂತಾಗ ಕೈ ಓಡಲ್ಲ ಅಲ್ವಾ, ಆಗ ಒಂದು ಕರಡು ಸಿಕ್ಕರೆ ಧೈರ್ಯ ಬರುತ್ತದೆ. ರಜೆ ಅರ್ಜಿ, ಸುತ್ತೋಲೆಗೆಲ್ಲ ನಾನೂ ಬಳಸುತ್ತೇನೆ.

ಬೀಳ್ಕೊಡುಗೆ ಮಾತು ಬೇರೆ. 'ದಿನದ ಕೊನೆಯಲ್ಲಿ', 'ನಮ್ಮ ಹೃದಯಗಳಲ್ಲಿ ವಿಶೇಷ ಸ್ಥಾನ' ಇಂಥ ಸಾಲುಗಳಿದ್ದರೆ ಹೊಡೆದುಹಾಕಿ. ಅದು ಇಂಗ್ಲಿಷಿಗೆ ಕನ್ನಡದ ಅಂಗಿ ತೊಡಿಸಿದ್ದು. ಮೇಷ್ಟ್ರು ಬಿಸಿಯೂಟ ಬಡಿಸುವ ಮುಂಚೆ ತಾವೇ ಒಂದು ತುತ್ತು ತಿಂದು ನೋಡುತ್ತಿದ್ದರು ಅಂತ ನನಗೆ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ಅದನ್ನು ಕಣ್ಣಾರೆ ಕಂಡವರು ನೀವು. ವಚನ ಬೇಕೇ ಬೇಕೆಂದರೆ ಶಾಲೆಯ ಲೈಬ್ರರಿಯ ಪುಸ್ತಕದಿಂದ ತಗೊಳ್ಳಿ.