ಸಿಪ್ಪೆ ಹೂತರೆ ಆಲೂಗಡ್ಡೆ ಬರುತ್ತಾ?

ಪ್ರಶ್ನೆ: ನಾಲ್ಕನೇ ಕ್ಲಾಸಿನ ನನ್ನ ಮಗಳು ಆಲೂಗಡ್ಡೆ ಸಿಪ್ಪೆಯನ್ನು ಕುಂಡದಲ್ಲಿ ಹೂತು ದಿನಾ ನೀರು ಹಾಕಿದಳು. ಹತ್ತು ದಿನಕ್ಕೆ ಕೆದಕಿ ನೋಡಿದರೆ ಎಲ್ಲ ಕೊಳೆತು ನಾರುತ್ತಿತ್ತು. ತುಂಬಾ ಬೇಜಾರಾಗಿದ್ದಾಳೆ. ಅಡುಗೆಮನೆ ಕಸದಿಂದ ಆಲೂ ಬೆಳೆಯೋದು ಸುಳ್ಳಾ?
– ಒಬ್ಬ ತಾಯಿ, ತುಮಕೂರು

ಉತ್ತರ: ಸುಳ್ಳಲ್ಲ. ಸಿಪ್ಪೆ ತೀರಾ ತೆಳ್ಳಗಿತ್ತು, ನೀರು ಜಾಸ್ತಿಯಾಯಿತು, ಅಷ್ಟೇ.

ಆಲೂ ಬೇರಲ್ಲ, ಮಣ್ಣಿನೊಳಗೆ ಊದಿದ ಕಾಂಡ. ಅದರ ಮೇಲಿನ ಗುಳಿಗಳನ್ನು ಕಣ್ಣು ಅಂತೀವಲ್ಲ, ಅಲ್ಲಿರೋದು ಮೊಗ್ಗು. ಎಲೆ ಬಿಟ್ಟು ತನ್ನ ಊಟ ತಾನೇ ಮಾಡಿಕೊಳ್ಳುವ ತನಕ ಅದಕ್ಕೆ ಗಡ್ಡೆಯ ಪಿಷ್ಟವೇ ಬುತ್ತಿ. ತೆಳು ಸಿಪ್ಪೆಯಲ್ಲಿ ಬುತ್ತಿ ಎಲ್ಲಿರುತ್ತದೆ?

ನಾನು ಹುಟ್ಟಿದ್ದು ಹಾಸನದ ಕಡೆ. ಮೇ ತಿಂಗಳ ಹೊತ್ತಿಗೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಬರುತ್ತಿತ್ತು. ಅಮ್ಮ ಜಗಲಿಯಲ್ಲಿ ಕೂತು ಕತ್ತರಿಸುತ್ತಿದ್ದರು, ಕಣ್ಣು ಎಣಿಸುವುದು ನನ್ನ ಕೆಲಸ. 'ತುಂಡಿಗೆ ಎರಡಾದ್ರೂ ಇರ್ಲಿ' ಅನ್ನುತ್ತಿದ್ದರು. ಆಮೇಲೆ ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಹರಡುತ್ತಿದ್ದರು. ಹಸಿ ಗಾಯದಿಂದಲೇ ಕೊಳೆ ಒಳಗೆ ಹೋಗೋದು. ಮಗಳೂ ಒಂದೆರಡು ದಿನ ಗಾಯ ಒಣಗಲು ಬಿಡಲಿ.

ಬುಟ್ಟಿಯ ಮೂಲೆಯಲ್ಲಿ ಮರೆತು ಮೊಳಕೆ ಬಂದ ಗಡ್ಡೆಗಳನ್ನೇ ಆರಿಸಿ. ಒಂದು ಕುಂಡಕ್ಕೆ ಕಣ್ಣಿರುವ ತೆಳು ಸಿಪ್ಪೆ, ಇನ್ನೊಂದಕ್ಕೆ ಬೆರಳು ದಪ್ಪದ ಸಿಪ್ಪೆ, ಮೂರನೆಯದಕ್ಕೆ 40 ಗ್ರಾಂ ತುಂಡು. ಮಣ್ಣು, ನೀರು ಮೂರಕ್ಕೂ ಒಂದೇ ಅಳತೆ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಯಾವುದು ಮೊದಲು ಬರುತ್ತದೆ ಅಂತ ಅವಳು ಊಹಿಸಿ ಬರೆದಿಡಲಿ. ದಯವಿಟ್ಟು ನೀವು ಹೇಳಿಕೊಡಬೇಡಿ! ಪ್ರತಿ ಭಾನುವಾರ ಸ್ಕೇಲ್ ಹಿಡಿದು ಅಳೆಯಲಿ. ಹಳೇ ಕುಂಡದ ಸಿಪ್ಪೆ ಕೊಳೆತದ್ದನ್ನೂ ಮೊದಲ ಪುಟದಲ್ಲೇ ಬರೆಯಲಿ. ಅದೂ ಪ್ರಯೋಗವೇ ಅಲ್ವಾ?

ಕುಂಡಕ್ಕೆ ಅಕ್ಟೋಬರ್ ಕೊನೆ ಒಳ್ಳೆಯ ಕಾಲ. ರಾತ್ರಿ ತಂಪಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿ. ಇಲ್ಲದಿದ್ದರೆ ಬೆಳಕು ಬಿದ್ದು ಗಡ್ಡೆ ಹಸಿರಾಗುತ್ತದೆ. ಹಸಿರು ಗಡ್ಡೆಯಲ್ಲಿ ಸೊಲನೈನ್ ಎಂಬ ವಿಷ ಹೆಚ್ಚಿರುತ್ತದೆ, ತಿನ್ನಬಾರದು. ಎಲೆ, ಮೊಳಕೆ, ಕಾಯಿ ಕೂಡ ಬಾಯಿಗೆ ಹಾಕದಂತೆ ಹೇಳಿ.

ಸುಮಾರು 90 ದಿನಕ್ಕೆ ಎಲೆ ಹಳದಿಯಾಗುತ್ತದೆ. ಅಗೆಯಲು ಸಲಿಕೆ ಕೊಡಬೇಡಿ, ಕೈಯಲ್ಲೇ ಮಣ್ಣು ತಡಕಾಡಲಿ. ಗೋಲಿಯಷ್ಟು ಸಿಕ್ಕರೂ ತೂಗಿ ಬರೆಯಲಿ. ಆಮೇಲೆ ಬೇಯಿಸಿ, ಉಪ್ಪು ಉದುರಿಸಿ, ಅವಳ ತಟ್ಟೆಗೇ ಹಾಕಿ.