ಕುದುರೆಗೆ ಸೋಲಾರ್ ಬೇಲಿ: ಡೆಂಕಣಿಕೋಟೆ ಅಣ್ಣನ ಪ್ರಶ್ನೆಗೆ

ಅಣ್ಣ, ಎರಡು ಹೆಣ್ಣು ಕುದುರೆ ತಂದಿದ್ದೀರಿ, ಮೂರು ಎಕರೆ ಸುತ್ತ ಮೊದಲೇ ಮುಳ್ಳುತಂತಿ ಇದೆ, ಹಂದಿ ಕಾಟಕ್ಕೆ ತಂದ ಸೋಲಾರ್ ಮಿಷನ್ (ಬೇಲಿ ತಂತಿಗೆ ಬಿಟ್ಟು ಬಿಟ್ಟು ಶಾಕ್ ಕೊಡುವ ಪೆಟ್ಟಿಗೆ) ಮನೆಯಲ್ಲೇ ಇದೆ. ಅದನ್ನು ಮುಳ್ಳುತಂತಿಗೇ ಕೊಟ್ಟುಬಿಡಬಹುದಾ ಅಂತ ಕೇಳಿದ್ದೀರಿ. ಬೇಡ. ಕುದುರೆ ಚರ್ಮ ತೆಳು, ಬೆದರಿದರೆ ಹಿಂದೆ ಮುಂದೆ ನೋಡದೆ ನುಗ್ಗುತ್ತದೆ. ಮುಳ್ಳಿಗೆ ಸಿಕ್ಕಿಕೊಂಡು ಒದ್ದಾಡುವಾಗ ಸೆಕೆಂಡಿಗೊಂದು ಏಟು ಬೀಳುತ್ತಿದ್ದರೆ ಬಿಡಿಸಿಕೊಳ್ಳುವುದು ಹೇಗೆ? ಮುಳ್ಳುತಂತಿ ಹಾಗೇ ಇರಲಿ. ಐದಾರು ಅಡಿ ಒಳಗೆ ಬೇರೆ ಬೇಲಿ ಎಳೆಯಿರಿ.

ನಾನು ತಾಳವಾಡಿ ಕಡೆಯವನು. ನಮ್ಮಲ್ಲಿ ಸೋಲಾರ್ ಬೇಲಿ ಅಂದರೆ ಆನೆಗೆ ಅಂತಲೇ ಲೆಕ್ಕ. ತಮಿಳು ಆಡಿ ತಿಂಗಳಲ್ಲಿ ಅಂದಿಯೂರು ದನ-ಕುದುರೆ ಜಾತ್ರೆಯಿಂದ ಒಂದು ಕಂದು ಹೆಣ್ಣು ಕುದುರೆ ತಂದಾಗ ನಾನೂ ಆನೆ ಬೇಲಿಯ ಹಾಗೇ ಎರಡು ಸಾಲು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಎಳೆದೆ. ನಾಲ್ಕನೇ ದಿನ ಸಂಜೆ ಪಕ್ಕದ ಹೊಲದಲ್ಲಿ ಪಟಾಕಿ ಹೊಡೆದರು. ಕುದುರೆ ಓಡಿತು. ಆ ಮಬ್ಬಿನಲ್ಲಿ ಸಣ್ಣ ತಂತಿ ಅದಕ್ಕೆ ಕಾಣಲೇ ಇಲ್ಲ. ಎದೆ ಕೊಟ್ಟು ನುಗ್ಗಿ ಎರಡು ಕಂಬ ಎಳೆದುಕೊಂಡು ಹೋಯಿತು.

ಅಲ್ಲೇ ವಿಷಯ ಇರುವುದು. ಮೂಗಿಗೆ ಶಾಕ್ ತಗುಲಿದರೆ ಕುದುರೆ ಹಿಂದಕ್ಕೆ ಸರಿಯುತ್ತದೆ. ಎದೆಗೆ ತಗುಲಿದರೆ ಮುಂದಕ್ಕೇ ಹಾರುತ್ತದೆ. ಹಾಗಾಗಿ ಬೇಲಿ ದೂರದಿಂದಲೇ ಕಾಣಬೇಕು. ಮೊದಲ ಏಟು ಮೂಗಿಗೇ ಬೀಳಬೇಕು.

ಕಾಣುವುದಕ್ಕೆ 40 ಮಿಲಿಮೀಟರ್ ಅಗಲದ ಬಿಳಿ ಪಟ್ಟಿ ಸಿಗುತ್ತದೆ. ನೈಲಾನ್ ಪಟ್ಟಿಯ ಹಾಗಿರುತ್ತದೆ, ಒಳಗೆ ಸಣ್ಣ ಸ್ಟೀಲ್ ಎಳೆಗಳಿರುತ್ತವೆ. ಮೇಲಿನದು ಕುದುರೆಯ ಹೆಗಲಿನ ಮಟ್ಟಕ್ಕೆ, ಅಂದರೆ ನಾಲ್ಕರಿಂದ ನಾಲ್ಕೂವರೆ ಅಡಿ. ಎರಡನೆಯದು ಎರಡೂವರೆ ಅಡಿಗೆ. ಕಂಬ ಹನ್ನೆರಡು, ಹದಿನೈದು ಅಡಿಗೊಂದು. ಗಾಳಿಗೆ ಪಟ್ಟಿ ಪಟಪಟ ಬಡಿದು ಇನ್ಸುಲೇಟರ್ (ಕರೆಂಟು ಕಂಬಕ್ಕೆ ಇಳಿಯದ ಹಾಗೆ ಪಟ್ಟಿಯನ್ನು ಹಿಡಿದಿಡುವ ತುಂಡು) ಹತ್ತಿರ ಹರಿದುಹೋಗುತ್ತದೆ. ಎರಡು ಕಂಬದ ನಡುವೆ ಒಂದು ಸುತ್ತು ತಿರುಚಿ ಎಳೆದರೆ ಬಡಿತ ಕಡಿಮೆ. ತುಂಡಾದರೆ ಸುಮ್ನೆ ಗಂಟು ಹಾಕಬೇಡಿ, ಕನೆಕ್ಟರ್ ಪ್ಲೇಟ್ ಹಾಕಿ. ಗಂಟಿನಲ್ಲಿ ಎಳೆ ಸರಿಯಾಗಿ ಕೂಡದೆ ಕಿಡಿ ಹಾರುತ್ತದೆ. ಇನ್ಸುಲೇಟರ್ ಬದಲು ಹಳೇ ಟ್ಯೂಬು, ಪೈಪ್ ತುಂಡು ಕೂಡ ಬೇಡ. ಬಿಸಿಲಿಗೆ ಒಡೆಯುತ್ತವೆ, ಮಳೆಯಲ್ಲಿ ಕರೆಂಟು ನೆಲಕ್ಕೆ ಸೋರುತ್ತದೆ. ಕತ್ತಲಾದ ಮೇಲೆ ಬೇಲಿಗುಂಟ ಒಂದು ಸುತ್ತು ಹಾಕಿ. ಸೋರುವ ಕಡೆ ಟಕ್ ಟಕ್ ಸದ್ದು, ಸಣ್ಣ ನೀಲಿ ಕಿಡಿ, ತಾನೇ ತೋರಿಸಿಕೊಡುತ್ತದೆ.

ಈಗ ಅರ್ಥಿಂಗ್. ಜನ ಮಿಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಬಗ್ಗೆ ಯಾರೂ ಕೇಳಲ್ಲ. ಹೋದ ಏಪ್ರಿಲ್‌ನಲ್ಲಿ ನಮ್ಮ ಕುದುರೆ ಎರಡು ಪಟ್ಟಿಯ ನಡುವೆ ಕತ್ತು ತೂರಿಸಿ ಪಕ್ಕದವರ ಜೋಳ ಮೇಯುತ್ತಾ ನಿಂತಿತ್ತು. ಮಿಷನ್ ಲೈಟು ಮಿನುಗುತ್ತಿತ್ತು, ಸದ್ದೂ ಬರುತ್ತಿತ್ತು. ಹುಲ್ಲುಕಡ್ಡಿ ತಾಗಿಸಿ ನೋಡಿದರೆ ಕೈಗೆ ಏನೂ ಇಲ್ಲ. ಅಂಗಡಿಯವರು ಕೊಟ್ಟಿದ್ದು ಎರಡಡಿಯ ಒಂದೇ ಒಂದು ರಾಡು. ಬೇಸಿಗೆಯ ಒಣ ಮಣ್ಣಿನಲ್ಲಿ ಅದು ಇದ್ದೂ ಇಲ್ಲದಂತೆ. ಶಾಕ್ ಹೊಡೆಯಬೇಕಾದರೆ ಪಟ್ಟಿಯಿಂದ ಕುದುರೆ ಮೈಗೆ, ಕಾಲಿಂದ ಮಣ್ಣಿಗೆ, ಮಣ್ಣಿಂದ ರಾಡಿಗೆ, ರಾಡಿಂದ ಮತ್ತೆ ಮಿಷನ್‌ಗೆ ಸುತ್ತು ಪೂರ್ತಿಯಾಗಬೇಕಲ್ವಾ. ಬಚ್ಚಲು ನೀರು ಹರಿಯುವ ಜಾಗದಲ್ಲಿ ಆರಡಿಯ ಮೂರು ಜಿಐ ರಾಡು, ಹತ್ತತ್ತು ಅಡಿ ಅಂತರದಲ್ಲಿ ಹೊಡೆದ ಮೇಲೆ ಸರಿಹೋಯಿತು. ಮನೆ ಕರೆಂಟಿನ ಅರ್ಥ್‌ಗೆ ಸೇರಿಸಬೇಡಿ, ದೂರ ಇರಲಿ.

ಪರೀಕ್ಷೆ ಹೀಗೆ. ಮಿಷನ್ ಆಫ್ ಮಾಡಿ, ಅದರಿಂದ ಮುನ್ನೂರು ಅಡಿ ಆಚೆ ಎರಡು ಮೂರು ಕಬ್ಬಿಣದ ಸಲಾಕೆ ನೆಲಕ್ಕೆ ಚುಚ್ಚಿ ಪಟ್ಟಿಗೆ ಒರಗಿಸಿ. ಆನ್ ಮಾಡಿ. ಬೇಲಿ 2000 ವೋಲ್ಟ್‌ಗಿಂತ ಕೆಳಗೆ ಇಳಿಯಬೇಕು. ಈಗ ಬೇಲಿ ಟೆಸ್ಟರನ್ನು ಅರ್ಥ್ ರಾಡಿಗೆ ಹಿಡಿಯಿರಿ. 300 ದಾಟಿದರೆ ಇನ್ನೊಂದು ರಾಡು ಹೊಡೆಯಿರಿ. ಸಲಾಕೆ ತೆಗೆದ ಮೇಲೆ ಬೇಲಿಯ ಕಟ್ಟಕಡೆಯಲ್ಲೂ 3000ಕ್ಕೆ ಕಡಿಮೆ ಇರಬಾರದು. ನಾಲ್ಕೈದು ಸಾವಿರ ಇದ್ದರೆ ನೆಮ್ಮದಿ. ಗೇಟಿನ ಅಡಿ ಮನೆ ವೈರಿಂಗ್ ವೈರು ಹೂಳಬೇಡಿ, ಅದು ಇಷ್ಟು ವೋಲ್ಟ್ ತಡೆಯಲ್ಲ. ಬೇಲಿಗೇ ಅಂತ ದಪ್ಪ ಹೊದಿಕೆಯ ಕೇಬಲ್ ಇದೆ.

ಮನೆ ಕರೆಂಟನ್ನು ನೇರ ತಂತಿಗೆ ಕೊಡುವವರ ಮಾತು ಕೇಳಲೇಬೇಡಿ. 2023ರ ಮಾರ್ಚ್‌ನಲ್ಲಿ ನಿಮ್ಮ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಹತ್ತಿರ ಮೂರು ಆನೆ ಹಾಗೆ ಸತ್ತವು. ಅದೇ ವರ್ಷ ತಮಿಳುನಾಡು ಸರ್ಕಾರ ವಿದ್ಯುತ್ ಬೇಲಿಗೆ ನೋಂದಣಿ ನಿಯಮ ತಂದಿದೆ. ಡೆಂಕಣಿಕೋಟೆ ಅಂದರೆ ಕಾಡಿನ ಪಕ್ಕವೇ, ಮೊದಲು ಫಾರೆಸ್ಟ್ ಆಫೀಸಿನಲ್ಲಿ ವಿಚಾರಿಸಿ.

ಕುದುರೆಗೆ ಕಲಿಸುವುದು ಕಷ್ಟ ಇಲ್ಲ. ಗಟ್ಟಿ ಕಟ್ಟೆಯೋ ಮರದ ಬೇಲಿಯೋ ಇರುವ ಸಣ್ಣ ಜಾಗದಲ್ಲಿ ಒಳಗಡೆ ಒಂದು ಪಟ್ಟಿ ಎಳೆದು ಹಗಲು ಹೊತ್ತಿನಲ್ಲಿ ಬಿಡಿ. ನೀವು ಹತ್ತಿರ ನಿಲ್ಲಬೇಡಿ, ಏಟು ನಿಮ್ಮಿಂದ ಬಿತ್ತು ಅಂದುಕೊಳ್ಳುತ್ತದೆ. ನಮ್ಮದು ಕತ್ತು ಚಾಚಿ, ಮೂಗು ಅರಳಿಸಿ ಮೂಸಿತು, ಚಂಗನೆ ಹಿಂದಕ್ಕೆ ಹಾರಿತು, ಆಮೇಲೆ ಹತ್ತು ನಿಮಿಷ ಪಟ್ಟಿಯನ್ನೇ ದಿಟ್ಟಿಸುತ್ತಾ ನಿಂತಿತ್ತು. ಎರಡು ಮೂರು ದಿನ ಹೀಗೆ ಬಿಟ್ಟು ಆಮೇಲೆ ಹೊಲಕ್ಕೆ ಬಿಡಿ.

ನಿಮ್ಮದು ಎರಡು ಕುದುರೆ ಆದ್ದರಿಂದ ಇನ್ನೊಂದು ಮಾತು. ಒಂದು ಜೋರಿರುತ್ತದೆ, ಇನ್ನೊಂದನ್ನು ಮೂಲೆಗೆ ಒತ್ತುತ್ತದೆ. ಚೂಪು ಮೂಲೆ ಇದ್ದರೆ ಅಡ್ಡ ಪಟ್ಟಿ ಹಾಕಿ ಮುಚ್ಚಿ. ನೀರಿನ ತೊಟ್ಟಿ ಬೇಲಿಯಿಂದ ದೂರ ಇಡಿ. ಯಾವುದಾದರೂ ಗಬ್ಬ ಆಗಿದ್ದರೆ ಮರಿ ಹುಟ್ಟುವ ಮೊದಲೇ ಒಂದೂವರೆ ಅಡಿಗೆ ಮೂರನೇ ಪಟ್ಟಿ ಎಳೆಯಿರಿ. ನಿಮ್ಮ ಮಿಷನ್ ಹಿಂದುಗಡೆ ಎಷ್ಟು ಜೂಲ್ (ಒಂದೊಂದು ಏಟಿನ ಶಕ್ತಿಯ ಅಳತೆ) ಅಂತ ಬರೆದಿರುತ್ತದೆ, ಅದರ ಫೋಟೋ ಹಾಕಿ. ಮೂರು ಎಕರೆಗೆ ಸಾಕಾ ಅಂತ ನೋಡಿ ಹೇಳುತ್ತೇನೆ.